ನಾಲ್ಕಕ್ಕೆ ನಾಲ್ಕು

"ಹಾಗಾದ್ರೆ ನಾನು ಸುಳ್ಳಿ, ನಿನ್ನ ಡಬ್ಬ ಸತ್ಯವಂತ, ಅಲ್ವೇನೋ?" ಅಕ್ಕ ರಕ್ತದ ಟ್ಯೂಬುಗಳ ಸ್ಟ್ಯಾಂಡನ್ನು ಮೇಜಿನ ಮೇಲೆ ಕುಕ್ಕಿದಳು.

"ಕೂಗಬೇಡ ಅಕ್ಕ. ಹೊರಗೆ ಜನ ಕೂತಿದ್ದಾರೆ."

"ಕೂತಿರಲಿ. ಹದಿನಾರು ರಿಪೋರ್ಟು ನಾನೇ ನುಂಗಿ ನೀರು ಕುಡಿದೆ ಅಂತ ಅವರೂ ಕೇಳಲಿ."

ಲ್ಯಾಬಿನ ಕಂಪ್ಯೂಟರು ನೋಡಿಕೊಳ್ಳುವ ತಮ್ಮನಿಗೂ ರೇಗಿತು. "ಸರ್ವರ್ ಸರಿ ಇದೆ. ಎಷ್ಟು ಸಲ ಬಡ್ಕೊಳ್ಳಲಿ? ನಾಲ್ಕು ಪ್ಯಾಕೆಟ್ ಕಳಿಸಿದೆ, ನಾಲ್ಕಕ್ಕೂ ಉತ್ತರ ಬಂತು. ನಾಲ್ಕಕ್ಕೆ ನಾಲ್ಕು!"

ಲ್ಯಾಬಿನಲ್ಲಿ ಅವನ ಅಡ್ಡಹೆಸರೇ ಅದು. ಯಾರು ಏನೇ ದೂರು ಹೇಳಲಿ, ಎಲ್ಲರೂ ಊಟಕ್ಕೆ ಎದ್ದ ಮೇಲೆ ಇವನು ನಿಧಾನವಾಗಿ ಬಂದು ಸರ್ವರಿಗೆ ಪಿಂಗ್ ಹಾಕುತ್ತಿದ್ದ. ಪಿಂಗ್ ಅಂದರೆ 'ಇದ್ದೀಯಾ' ಎಂದು ಕೂಗಿ ನೋಡುವುದು, ಅಷ್ಟೇ; ಒಂದು ಕೂಗಿಗೆ ಒಂದು ಪ್ಯಾಕೆಟ್. ನಾಲ್ಕು ಸಲ ಕೂಗಿದರೆ ಅದು ನಾಲ್ಕು ಸಲ 'ಇದ್ದೀನಿ' ಎನ್ನುತ್ತಿತ್ತು. ಅಲ್ಲಿಗೆ ತನಿಖೆ ಮುಗಿಯಿತು, ಇವನು ಕೈ ಒರೆಸಿಕೊಂಡು ಹೋದ.

ಮೂರು ವಾರದಿಂದ ಹೀಗೇ ನಡೆದಿತ್ತು. ಪರೀಕ್ಷೆಯ ಯಂತ್ರಗಳು ಫಲಿತಾಂಶವನ್ನು ಒಳಕೋಣೆಯ ಸರ್ವರಿಗೆ ಕಳಿಸುತ್ತವೆ, ಅಲ್ಲಿಂದ ಡಾಕ್ಟರ ಪರದೆಗೆ. ನಡುವೆ ಒಂದೊಂದು ಮಾಯವಾಗುತ್ತಿತ್ತು. ಯಂತ್ರ ಒಮ್ಮೆ ಕಳಿಸಿ ಕೈತೊಳೆದುಕೊಳ್ಳುವ ಜಾತಿಯದು, ತಲುಪಿತೋ ಎಂದು ಕೇಳುವುದಿಲ್ಲ. ಹೋದ ವಾರ ಒಬ್ಬ ಮುದುಕನ ಫಲಿತಾಂಶ ಹೀಗೇ ಕಳೆದುಹೋಗಿ, ಔಷಧಿ ಅರ್ಧ ದಿನ ತಡವಾಯಿತು. ಅವನ ಮಗಳು ಬಂದು ಡಾಕ್ಟರ ನೀರಿಳಿಸಿ ಹೋದಳು. ಡಾಕ್ಟರು ಸರ್ವರ್ ಹೇಗಿದೆ ಎಂದು ಇವನನ್ನು ಕೇಳಿದರು. ಇವನು ಅದೇ ಲೆಕ್ಕ ಒಪ್ಪಿಸಿದ. ಹಾಗಾದರೆ ತಪ್ಪು ಯಂತ್ರ ನಡೆಸಿ ಕಳಿಸುವ ಅಕ್ಕನದೇ ಎಂದು ತೀರ್ಮಾನವಾಯಿತು. ಈವತ್ತು ಬೆಳಿಗ್ಗೆ ಅಕ್ಕನ ಮುಂದೆ ಒಂದು ಪತ್ರ ಇಟ್ಟಿದ್ದರು: 'ನನ್ನ ಅಜಾಗರೂಕತೆಯಿಂದ ಹದಿನಾರು ವರದಿಗಳು ತಲುಪಲಿಲ್ಲ.' ಮಧ್ಯಾಹ್ನದೊಳಗೆ ಸಹಿ ಹಾಕಬೇಕು, ಇಲ್ಲವೇ ಮನೆಗೆ.

ಹದಿನೆಂಟು ವರ್ಷದ ಕೆಲಸ ಅವಳದು. ಇವನನ್ನು ಇಲ್ಲಿ ಸೇರಿಸಿಕೊಳ್ಳಿ ಎಂದು ಡಾಕ್ಟರ ಬಾಗಿಲಲ್ಲಿ ನಿಂತು ಕೇಳಿದವಳೂ ಅವಳೇ.

ಅಕ್ಕ ಕೋಟಿನ ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಅವನ ಎದೆಗೆ ಒತ್ತಿದಳು. "ಒಂದೊಂದೂ ಕಾಣೆಯಾದ ಗಳಿಗೆ ಬರೆದಿದ್ದೀನಿ. ಎಲ್ಲಾ ಹತ್ತರಿಂದ ಹನ್ನೊಂದರ ಒಳಗೆ, ಮೂರು ಯಂತ್ರವೂ ಓಡೋವಾಗ. ನೀನು ಸಂತೆ ಎದ್ದ ಮೇಲೆ ಬಂದು ಗದ್ದಲವೇ ಇಲ್ಲ ಅಂತೀಯ. ಈಗ ಹತ್ತೂಕಾಲು. ಈಗ ಕೂಗು, ಗಂಡಸಾದ್ರೆ. ನಾಲ್ಕಲ್ಲ, ಸಾವಿರ ಸಲ."

ಅವಳ ಬಾಯಿ ಮುಚ್ಚಿಸಬೇಕೆಂದೇ ಅವನು ಕೂತ. ಮೊದಲ ನೂರು ಸರಾಗವಾಗಿ ಬಂತು. ತುಟಿಯಂಚಲ್ಲಿ ನಗುತ್ತ ಅಕ್ಕನ ಕಡೆ ತಿರುಗುವಷ್ಟರಲ್ಲಿ ಪರದೆಯ ಮೇಲೆ 'ಉತ್ತರವಿಲ್ಲ' ಎಂದು ಒಂದು ಸಾಲು ಬಿತ್ತು. ಆಮೇಲೆ ಮತ್ತೊಂದು. ಸಾವಿರ ಮುಗಿಯುವ ಹೊತ್ತಿಗೆ ನಲವತ್ತೊಂದು ಪ್ಯಾಕೆಟ್ ಕಾಣೆ.

ಅಕ್ಕ ಟ್ಯೂಬುಗಳ ಸ್ಟ್ಯಾಂಡ್ ಎತ್ತಿಕೊಂಡು ತನ್ನ ಯಂತ್ರಗಳ ಕಡೆ ಹೋದಳು.

ಅವನು ಕೇಬಲ್ ಬದಲಿಸಿದ. ಹಾಗೇ ಇತ್ತು. ಎಲ್ಲ ತಂತಿಗಳೂ ಬಂದು ಸೇರುವ ಸ್ವಿಚ್ಚಿನಲ್ಲಿ ಬೇರೆ ತೂತಿಗೆ ಚುಚ್ಚಿದ. ಹಾಗೇ. ಉಳಿದ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಚೆನ್ನಾಗಿಯೇ ಮಾತಾಡಿಕೊಂಡಿದ್ದವು. ಕೊನೆಗೆ ಸರ್ವರಿನ ನೆಟ್‌ವರ್ಕ್ ಸೆಟ್ಟಿಂಗ್ ತೆರೆದ.

ಹಳೆಯ ಸ್ವಿಚ್ ತೆಗೆದು ಹೊಸದು ಕೂರಿಸಿದ ದಿನ ಸರ್ವರಿನ ವೇಗವನ್ನೂ ಮಾತಾಡುವ ಕ್ರಮವನ್ನೂ ತಾನೇ ಕೈಯಾರೆ ಬಿಗಿದಿದ್ದ. ಸ್ವಿಚ್ಚಿಗೆ ಮಾತ್ರ ನೀನೇ ನೋಡಿಕೋ ಎಂದು ಬಿಟ್ಟಿದ್ದ. ಅದರಿಂದ ಸರ್ವರು ಹೇಳುವುದು ಕೇಳುವುದು ಎರಡನ್ನೂ ಒಟ್ಟಿಗೇ ನಡೆಸುತ್ತಿತ್ತು. ಸ್ವಿಚ್ಚು ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕೆಂದು ನಂಬಿ ಕೂತಿತ್ತು. ಕೆಲಸ ಕಡಿಮೆಯಿದ್ದಾಗ ಜಗಳವಿಲ್ಲ. ಹತ್ತು ಗಂಟೆಯ ನೂಕುನುಗ್ಗಲಲ್ಲಿ ಎರಡೂ ಒಂದರ ಮೇಲೊಂದು ಮಾತಾಡಿ, ನಡುವೆ ಸಿಕ್ಕ ಪ್ಯಾಕೆಟ್ಟು ಹಾಳು. ಅಕ್ಕನ ನೋಟ್‌ಬುಕ್ಕಿನ ಮೊದಲ ಗುರುತು ಆ ಸ್ವಿಚ್ ಕೂರಿಸಿದ ಮಾರನೆಯ ದಿನದ್ದು.

ಒಂದು ಸೆಟ್ಟಿಂಗ್ ಬದಲಿಸಿದ. ಸಾವಿರಕ್ಕೆ ಸಾವಿರ ಬಂತು.

"ಏನಾಗಿತ್ತು?" ಡಾಕ್ಟರು ಅವನನ್ನು ತಮ್ಮ ಕೋಣೆಗೆ ಕರೆಸಿ ಕೇಳಿದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

'ನನ್ನ ಕೈತಪ್ಪು, ಮೂರು ವಾರದಿಂದ' ಅಂದರೆ ಮುಗಿಯುತ್ತಿತ್ತು. ಆದರೆ ಮುದುಕನ ಮಗಳು ನೆನಪಾದಳು, ಅಂಥದೇ ಪತ್ರ ತನ್ನ ಹೆಸರಲ್ಲಿ ಕಣ್ಣಿಗೆ ಕಟ್ಟಿತು. "ಕೇಬಲ್ಲು ಸಾರ್" ಎಂದ.

"ಯಾವಾಗಿಂದ ಕೆಟ್ಟಿತ್ತು?"

"ಇವತ್ತು... ಇವತ್ತು ಬೆಳಿಗ್ಗೆಯಿಂದ."

"ಹಾಗಾದ್ರೆ ಆ ಹದಿನಾರು?"

ಡಾಕ್ಟರು ಪತ್ರವನ್ನೂ ಪೆನ್ನನ್ನೂ ಅಕ್ಕನ ಕಡೆಗೆ ಸರಿಸಿದರು.

ಅಕ್ಕ ಪತ್ರದ ಕಡೆ ತಿರುಗಲೂ ಇಲ್ಲ. "ಲೋ, ನನ್ನ ಪುಸ್ತಕ ಕೊಡು" ಎಂದಳು. ಅವನು ಕೊಟ್ಟ. ಅವಳು ಮೊದಲ ಹಾಳೆ ತೆರೆದು, ಆ ತಾರೀಖಿನ ಮೇಲೆ ಬೆರಳಿಟ್ಟು, ಅವನ ಮುಖವನ್ನೇ ನೋಡಿದಳು. "ಇದು ನಿನಗೂ ಗೊತ್ತು."

"ಅಕ್ಕ, ಹೊರಗೆ ಬಾ, ಹೇಳ್ತೀನಿ..."

"ಹೊರಗೆ ಬೇಡ. ಇಲ್ಲಿ ಹೇಳು."

ಅವನು ಬಾಗಿಲ ಕಡೆಗೇ ಹೆಜ್ಜೆ ಹಾಕಿದ. ಅವಳು ಬಿಳಿ ಕೋಟು ಬಿಚ್ಚಿ ಅವನ ಕೈಗೆ ತುರುಕಿ, ಪುಸ್ತಕ ಮಾತ್ರ ಹಿಡಿದುಕೊಂಡು, ಕಾಯುತ್ತಿದ್ದ ಜನರ ನಡುವೆ ಹಾದು ಹೋದಳು.

ಸಂಜೆ ಗುಡಿಸುವವಳು ಕಪಾಟಿನಿಂದ ಒಂದು ಊಟದ ಡಬ್ಬಿ ತೆಗೆದು, ಯಾರದಿದು ಎಂದು ಕೇಳಿದಳು.

"ಅಕ್ಕಂದು. ಅಲ್ಲೇ ಇಡು, ಬರ್ತಾಳೆ" ಎಂದ.

ನಾಲ್ಕನೆಯ ದಿನ ಡಬ್ಬಿಯ ವಾಸನೆ ತಡೆಯಲಾರದೆ ಅವನೇ ಅದನ್ನು ತೊಳೆದಿಟ್ಟ. ಅಕ್ಕ ಬರಲಿಲ್ಲ.