ಮೂಗ ಟೈಲ್ಸು

ಒಂದು ಬಿಳಿ ಟೈಲ್ಸಿಗೆ ಎರಡು ರೂಪಾಯಿ. ಮುನಿಕೃಷ್ಣಪ್ಪ ಮೇಸ್ತ್ರಿಯ ದಿನಗೂಲಿ ಇಪ್ಪತ್ತೆರಡು. ಮರಳು ಹೊತ್ತು ಸಿಮೆಂಟು ಕಲಸಿಕೊಡುವ ರಾಮಲಕ್ಷ್ಮಮ್ಮನಿಗೆ ಎಂಟು. ಅದು ಎಂಬತ್ತಮೂರನೇ ಇಸವಿ. ಮಾಲೂರಿನ ಇಟ್ಟಿಗೆ ಗೂಡಿನ ಯಜಮಾನ ಕೋದಂಡರಾಮಪ್ಪ ಹೊಸ ಬಚ್ಚಲುಮನೆಗೆ ಬೆಂಗಳೂರಿನಿಂದ ಟೈಲ್ಸು ತರಿಸಿ, ಮೊದಲ ದಿನವೇ ಹೇಳಿದ್ದ.

"ಕೊಯ್ಯೋವಾಗ ಒಡೆದಿದ್ದನ್ನ ಕೂಲೀಲಿ ಮುರ್ಕೋತೀನಿ."

ನಾಲ್ಕು ಟೈಲ್ಸು ಒಡೆದರೆ ರಾಮಲಕ್ಷ್ಮಮ್ಮನ ಒಂದು ದಿನ ಮಣ್ಣುಪಾಲು.

ಮೇಸ್ತ್ರಿಗೆ ಗೋಡೆ ಕಟ್ಟುವುದರಲ್ಲಿ ಇಪ್ಪತ್ತು ವರ್ಷದ ಕೈ. ಟೈಲ್ಸು ಮಾತ್ರ ಹೊಸದು. ಮೊದಲ ದಿನ ಕೊಯ್ದ ಆರರಲ್ಲಿ ನಾಲ್ಕು ಹಲ್ಲು ಮುರಿದಂತೆ ಒಡೆದವು. ರಾಮಲಕ್ಷ್ಮಮ್ಮ ಬಾಂಡ್ಲಿ ಇಳಿಸಿ, "ಒಂದು ಕೊಡಣ್ಣ ಇಲ್ಲಿ" ಅಂದಳು.

ಅವಳು ಮೊದಲು ಬೆರಳಗೆಣ್ಣಿನಿಂದ ಟೈಲ್ಸನ್ನು ತಟ್ಟಿ ಕಿವಿಗಿಟ್ಟಳು. ಮದುವೆಗೆ ಮುಂಚೆ ಹೆಂಚಿನ ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದು: ಹೆಂಚು ತಟ್ಟಿ, ಠಣ್ ಎಂದರೆ ಒಂದು ಕಡೆ, ಎನ್ನದಿದ್ದರೆ ಇನ್ನೊಂದು ಕಡೆ. ದನಿ ಬಾರದ್ದರ ಒಳಗೆ ಕಣ್ಣಿಗೆ ಕಾಣದ ಬಿರುಕು. ಅದಕ್ಕೆ ಕಾರ್ಖಾನೆಯವರು ಮೂಗ ಹೆಂಚು ಅನ್ನುತ್ತಿದ್ದರು. ದನಿ ಬಂದ ಟೈಲ್ಸಿನ ಹೊಳಪಿನ ಮೇಲೆ ಗಾಜು ಕೊಯ್ಯುವ ಕಡ್ಡಿಯಿಂದ ಒಂದೇ ಸಲ ಗೀರೆಳೆದಳು. ಗೀರಿನಡಿಗೆ ಮೊಳೆ ಇಟ್ಟು ಎರಡೂ ಅಂಗೈಯಲ್ಲಿ ಒತ್ತಿದಳು. ಟಕ್. ಬೆಣ್ಣೆ ಕೊಯ್ದ ಹಾಗೆ ಎರಡು ಹೋಳು.

ಯಜಮಾನ ನೋಡಿಯೇಬಿಟ್ಟ.

"ಏನ್ಲಾ ಮುನಿಕೃಷ್ಣ, ಎಂಟು ರೂಪಾಯಿ ಕೈ ಇಷ್ಟು ನೆಟ್ಟಗೆ ಕೊಯ್ಯುತ್ತೆ. ಇಪ್ಪತ್ತೆರಡು ರೂಪಾಯಿ ಕೈಗೇನು ರೋಗ?"

ಎಂಟನ್ನು ಒಂಬತ್ತು ಮಾಡುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಆದರೆ ಮೇಸ್ತ್ರಿಗೆ ಕೇಳಿಸಿದ್ದು ಅದಲ್ಲ. ರೋಗ ಅನ್ನುವ ಮಾತು ಮುಳ್ಳಿನಂತೆ ಮುರಿದು ಕೂತಿತು. ಊಟದ ಹೊತ್ತಲ್ಲಿ ಚೂರುಗಳನ್ನಿಟ್ಟುಕೊಂಡು ಕದ್ದು ಅಭ್ಯಾಸ ಮಾಡಿದ. ಆಗಲಿಲ್ಲ. ಯಜಮಾನನ ಹೆಂಡತಿ ಭಾರತಮ್ಮ ಪಕ್ಕದ ಮನೆಯವರನ್ನು ಕರೆತಂದು, "ಇದು ರಾಮಲಕ್ಷ್ಮಮ್ಮನ ಕೈ ಕಣೇ" ಎಂದು ತೋರಿಸುವಾಗ ಅವನು ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಗೋಡೆ ಯಾರದ್ದು? ತೂಗುಗುಂಡು ಹಿಡಿದವರು ಯಾರು?

ಐದನೆಯ ದಿನ ರಾಮಲಕ್ಷ್ಮಮ್ಮ ಮೂಲೆಯಲ್ಲಿ ಇಪ್ಪತ್ಮೂರು ಟೈಲ್ಸು ಬೇರೆ ಮಾಡಿಟ್ಟು ಯಜಮಾನನಿಗೆ ಹೇಳಿದಳು.

"ಸಾಮಿ, ಇವು ಬರುವಾಗಲೇ ಬಿರುಕು ಬಿಟ್ಟವೆ. ಇವು ಒಡೆದ್ರೆ ನಮ್ಮ ತಲೆಗೆ ಕಟ್ಟಬ್ಯಾಡಿ."

"ನಾಳೆ ಬರ್ತೀನಿ, ತೋರಿಸು."

ಅವಳು ಮನೆಗೆ ಹೋದಮೇಲೆ ಮೇಸ್ತ್ರಿ ಆ ಮೂಲೆಯನ್ನೇ ನೋಡುತ್ತ ನಿಂತ. ನಾಳೆ ಯಜಮಾನನ ಮುಂದೆ ಮತ್ತೆ ಅವಳದ್ದೇ ಮಾತು. ಗೋಡೆಗೆ ಹಚ್ಚುವ ಟೈಲ್ಸನ್ನು ಹಿಂದಿನ ಸಂಜೆಯೇ ನೆನೆಹಾಕಬೇಕು. ಉಳಿದ ಒಳ್ಳೆಯವನ್ನೆಲ್ಲ ತೊಟ್ಟಿಗೆ ಹಾಕಿದ. ಮೂಗ ಟೈಲ್ಸನ್ನೂ ಅವುಗಳ ನಡುವೆ ಇಳಿಬಿಟ್ಟ.

ಬೆಳಿಗ್ಗೆ ಅವಳು ಮೂಲೆ ನೋಡಿದಳು, ತೊಟ್ಟಿ ನೋಡಿದಳು. ಒಂದೊಂದನ್ನೇ ಎತ್ತಿ ತಟ್ಟಿದಳು. ನೀರು ಕುಡಿದ ಟೈಲ್ಸಿಗೆಲ್ಲ ಒಂದೇ ಮಂಕು ದನಿ.

"ಯಾರಣ್ಣ ಹಾಕಿದ್ದು?"

ಅವನು ಕರಣೆ ಒರೆಸುತ್ತಿದ್ದ.

ಕೊನೆಯ ಸಾಲಿಗೆ ಕೊಯ್ಯಲೇಬೇಕಿತ್ತು. ಮಧ್ಯಾಹ್ನದೊಳಗೆ ಅವಳ ಕೈಯಲ್ಲಿ ಹದಿನಾಲ್ಕು ಒಡೆದವು. ಕೋದಂಡರಾಮಪ್ಪ ಬಂದು ಚೂರು ಎಣಿಸಿದ.

"ಎಲ್ಲಿ ಕಣಮ್ಮಾ ನಿನ್ನ ಬಿರುಕಿನ ಮಾಲು? ತೋರಿಸು. ಇಲ್ಲ ಅಲ್ವಾ? ಇಪ್ಪತ್ತೆಂಟು ರೂಪಾಯಿ."

ಬಾಗಿಲಲ್ಲಿದ್ದ ಭಾರತಮ್ಮ ಬಾಯಿ ತಡೆಯಲಿಲ್ಲ. "ಅರ್ಧ ರೇಟಿನ ಮಾಲು ಬ್ಯಾಡ ಅಂತ ಆವತ್ತೇ ಬಡ್ಕೊಂಡೆ."

"ನೀನು ಒಳಗೆ ಹೋಗು."

ರಾಮಲಕ್ಷ್ಮಮ್ಮ ಅಳಲಿಲ್ಲ. ಮೇಸ್ತ್ರಿಯ ಕಡೆ ಒಂದು ಸಲ ನೋಡಿದಳು, ಅಷ್ಟೇ. ಮೂರೂವರೆ ದಿನ ಅವಳು ಹೊತ್ತ ಮರಳು ಆ ನೋಟದಲ್ಲಿತ್ತು. ಅರ್ಧ ರೇಟಿಗೆ ತಂದ ಬಿರುಕನ್ನು ಯಜಮಾನ ಪೂರ್ತಿ ರೇಟಿಗೆ ಅವಳಿಗೆ ಮಾರುತ್ತಿದ್ದಾನೆ, ಮಾರಿಸಿಕೊಟ್ಟವನು ತಾನು ಎಂಬುದು ಮೇಸ್ತ್ರಿಗೆ ಆಗ ಹೊಳೆಯಿತು.

"ತೊಟ್ಟಿಗೆ ಹಾಕಿದೋನು ನಾನು ಸಾಮಿ" ಎಂದ. "ಅವಳ ಕೈ ನೋಡಿ ಹೊಟ್ಟೆ ಉರೀತು. ಅವಳು ಬೇರೆ ಇಟ್ಟಿದ್ದು ನಿಜ."

ಯಜಮಾನ ನಕ್ಕ. "ಒಳ್ಳೇದಾಯ್ತು. ಇಬ್ಬರಿಗೂ ಅರ್ಧರ್ಧ."

ಮೇಸ್ತ್ರಿ ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡ.

"ಕೊನೇ ಸಾಲು ಯಾರ್ಲಾ ಹಚ್ಚೋದು?"

"ಅರ್ಧ ರೇಟಿನ ಮೇಸ್ತ್ರಿ ಸಿಗ್ತಾನೆ, ಹುಡುಕಿ."

ರಾಮಲಕ್ಷ್ಮಮ್ಮನೂ ಅವನ ಹಿಂದೆಯೇ ಹೊರಟಳು. ದಾರಿಯಲ್ಲಿ ಅಂದಳು: "ಬೆಳಿಗ್ಗೆ ಕೇಳಿದಾಗ್ಲೇ ಬಾಯಿ ಬಿಟ್ಟಿದ್ರೆ ಆಗ್ತಿರಲಿಲ್ವಾ?" ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. "ಪೋನೀಲೆ, ಹೋಗ್ಲಿ ಬಿಡು, ನಡಿ."

ಮುಂದಿನ ಕೆಲಸ ಮಾಸ್ತಿಯ ಒಬ್ಬ ಮೇಷ್ಟ್ರ ಮನೆಯಲ್ಲಿ.

"ಮೇಸ್ತ್ರಿ ಎಷ್ಟು ಜನ?" ಮೇಷ್ಟ್ರು ಕೇಳಿದರು.

"ಇಬ್ಬರು. ತಲೆಗೆ ಹದಿನೆಂಟು."

"ಹೆಂಗಸಿಗೆ ಹದಿನೆಂಟಾ?"

"ಕೊಯ್ಯೋದು ಅವಳೇ ಸಾಮಿ. ಬ್ಯಾಡ ಅಂದ್ರೆ ಇಬ್ಬರೂ ಹೋಗ್ತೀವಿ."

ಮೇಷ್ಟ್ರು ಒಪ್ಪಿದರು. ಅವಳು ಟಕ್ ಎನ್ನಿಸಿದಾಗಲೆಲ್ಲ ಅವನ ಎದೆಯಲ್ಲಿ ಈಗಲೂ ಸಣ್ಣಗೆ ಉರಿಯುತ್ತಿತ್ತು. ದಿನಕ್ಕೆ ಅವನಿಗೆ ನಾಲ್ಕು ರೂಪಾಯಿ ಹೋಯಿತು. ಅವಳಿಗೆ ಹತ್ತು ಬಂತು. ಕೋದಂಡರಾಮಪ್ಪ ಮುರಿದುಕೊಂಡ ಇಪ್ಪತ್ತೆಂಟು ಇಬ್ಬರಿಗೂ ಬರಲಿಲ್ಲ.