ಭಾಗೀರಥೀಬಾಯಿಯವರ ಲಕ್ಷಬತ್ತಿ

ಬಾಗಲಕೋಟೆಯ ಕಿಲ್ಲಾ ಓಣಿಯಲ್ಲಿ ವಿಠ್ಠಲನ ಕಾಲು ನೆಲಕ್ಕೆ ತಾಗಿದ್ದನ್ನು ಕಂಡವರು ಕಡಿಮೆ. ಎರಡು ವರ್ಷದವನಿದ್ದಾಗ ಜ್ವರ ಬಂದು ಎಡಗಾಲು ಸೊರಗಿತ್ತು, ಬಲಗಾಲು ಅಷ್ಟಕ್ಕಷ್ಟೇ. ಅಂದಿನಿಂದ ಅವನ ವಾಸ ಅಜ್ಜಿ ಭಾಗೀರಥೀಬಾಯಿಯವರ ಸೊಂಟದ ಮೇಲೆ. ಬಚ್ಚಲಿಗೆ ಹೋಗಬೇಕೆಂದರೆ ಅಜ್ಜಿ, ಬೀದಿ ನೋಡಬೇಕೆಂದರೆ ಅಜ್ಜಿ, ಮೂಗಿನ ಮೇಲೆ ಕೂತ ನೊಣ ಓಡಿಸಲಿಕ್ಕೂ ಅಜ್ಜಿ. ಈಗ ಅವನಿಗೆ ಐದು ತುಂಬಿತ್ತು. ಪಂಢರಪುರದ ವಿಠ್ಠಲ ಯುಗಯುಗಗಳಿಂದ ಇಟ್ಟಿಗೆಯ ಮೇಲೆ ನಿಂತಿದ್ದಾನೆ, ಅದೇ ಹೆಸರು ಹೊತ್ತ ಇವನು ಸಪಾಟು ನೆಲದ ಮೇಲೆ ಒಂದು ಗಳಿಗೆ ನಿಲ್ಲಲಿಲ್ಲವಲ್ಲ ಎಂದು ತಾಯಿ ಕುಮುದಿನಿ ಒಳಗೊಳಗೇ ಕುದಿಯುತ್ತಿದ್ದಳು.

ಮಿರಜದ ಡಾಕ್ಟರರು ಸ್ಪಷ್ಟವಾಗಿಯೇ ಹೇಳಿದ್ದರು: ಕಂಕುಳಿಗೆ ಕೋಲು ಕೊಟ್ಟು ನಡೆಸಿ, ಎತ್ತಿಕೊಳ್ಳಬೇಡಿ. "ಪಾಪ, ಆ ಡಾಕ್ಟರಗ ಮೊಮ್ಮಕ್ಕಳಿಲ್ಲ ಕಾಣಸ್ತದ" ಎಂಬುದಷ್ಟೇ ಭಾಗೀರಥೀಬಾಯಿಯವರ ತೀರ್ಪು. ಬಡಗಿ ಖಾಸಿಂಸಾಬ ಅಳತೆ ತೆಗೆದುಕೊಂಡು ಚಂದದ ಕೋಲು ಮಾಡಿಕೊಟ್ಟ. ಅದರಿಂದ ಭಾಗೀರಥೀಬಾಯಿ ಮಾಳಿಗೆಯ ಮೇಲೆ ಸಂಡಿಗೆಗೆ ಬಂದ ಕಾಗೆ ಓಡಿಸುತ್ತಿದ್ದರು. ಕುಮುದಿನಿಯ ಗಂಡ ಪಂಢರೀನಾಥ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಸಾಹೇಬರ ಮುಂದೆ ಆಡದ ಮಾತನ್ನು ಮನೆಯಲ್ಲಿ ಅವ್ವನ ಮುಂದೆಯೂ ಆಡುತ್ತಿರಲಿಲ್ಲ.

ಏಕೀಕರಣವಾದ ಮರುವರ್ಷ, ಮೃಗಶಿರ ಮಳೆಯ ಹೊತ್ತಿಗೆ, ಹುಡುಗನನ್ನು ಸಾಲೆಗೆ ಹಾಕಲು ಹೋದರು. ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಒಂದನೇ ಇಯತ್ತೆಯಲ್ಲಿ ತಾವೂ ಕೂತರು. ರಾಚಪ್ಪ ಮಾಸ್ತರರು ಹುಡುಗನ ಹೆಸರು ಕೇಳಿದರೆ ಅಜ್ಜಿ ಹೇಳಿದರು. ಎರಡರ ಮಗ್ಗಿ ಕೇಳಿದರೆ ಅದನ್ನೂ ಅಜ್ಜಿಯೇ ಹೇಳಿದರು, ಅದೂ ಎರಡು ಕಡೆ ತಪ್ಪಾಗಿ. ನಡುವೆ ಸೆರಗಿನಿಂದ ಚಕ್ಕುಲಿ ಬೇರೆ ಹೊರಬಂತು. ಮಾಸ್ತರರು ಕುಮುದಿನಿಯನ್ನು ಬಾಗಿಲ ಹೊರಗೆ ಕರೆದರು.

"ನೋಡ್ರಿ ಬಾಯಿ, ಹುಡುಗ ಶಾಣ್ಯಾ ಇದ್ದಾನ. ಆದರ ಅಜ್ಜಿಯವರ ಹೆಸರು ಹಾಜರಿಯೊಳಗ ಹಚ್ಚಾಕ ನನಗ ಬರೂದಿಲ್ಲ. ಮುಂದಿನ ಮೃಗಕ್ಕ ಕರ್ಕೊಂಡ ಬರ್ರಿ. ಕೋಲ ಹಿಡಿದರ ಚಿಂತಿಲ್ಲ, ತೆವಳಿದರೂ ಚಿಂತಿಲ್ಲ. ಈ ಗೇಟಿನಿಂದ ತನ್ನ ಜಾಗಾಕ್ಕ ತಾನ ಬಂದು ಕೂತರ ಸಾಕು, ಆವತ್ತ ಹೆಸರು ಹಚ್ಕೋತೇನಿ."

ಕುಮುದಿನಿಗೆ ಅಂದು ಊಟ ಸೇರಲಿಲ್ಲ. ಒಂದು ವರ್ಷದೊಳಗೆ ಮಗ ನಡೆಯದಿದ್ದರೆ ಅವನ ಸಾಲೆ ತಪ್ಪಿತು, ಸಾಲೆ ತಪ್ಪಿದರೆ ಬದುಕೆಲ್ಲ ಯಾರದೋ ಸೊಂಟದ ಮೇಲೆಯೇ. ಆ ಸೊಂಟಕ್ಕೋ ಆಗಲೇ ಅರವತ್ತು ದಾಟಿತ್ತು.

ದಾರಿ ಸಿಕ್ಕಿದ್ದು ದಸರೆ ಕಳೆದ ಮೇಲೆ. ಒಂದು ಮಧ್ಯಾಹ್ನ ಅತ್ತೆ ಮಡಿಯಲ್ಲಿದ್ದರು, ಅಡಿಗೆ ನಡೆದಿತ್ತು. ಭಾಗೀರಥೀಬಾಯಿಯವರ ಮಡಿಯೆಂದರೆ ಸಾಮಾನ್ಯವಲ್ಲ. ನೈವೇದ್ಯವಾಗಿ ಊಟ ಮುಗಿಯುವವರೆಗೆ ಗಾಳಿ ಕೂಡ ಸುತ್ತು ಹಾಕಿ ಹೋಗಬೇಕು. ಕುಮುದಿನಿ ಹಿತ್ತಲಿನಿಂದ ಬಂದು ನೋಡುತ್ತಾಳೆ, ವಿಠ್ಠಲ ಪಡಸಾಲೆಯ ಉದ್ದಕ್ಕೂ ತೆವಳಿ ಹೋಗಿ, ಗಡಿಗೆಯಿಂದ ತಾನೇ ನೀರು ತೆಗೆದು ಕುಡಿದು, ಗೋಡೆಯ ಮಾಡದಲ್ಲಿದ್ದ ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡ. ಎತ್ತುವವರು ಮಡಿಯಲ್ಲಿದ್ದರಲ್ಲ, ಇನ್ನೇನು ಮಾಡಿಯಾನು? ಊಟ ಮುಗಿಸಿ ಅತ್ತೆ ಹೊರಗೆ ಬಂದದ್ದೇ ತಡ, ಅದೇ ಹುಡುಗ ಎರಡೂ ಕೈ ಮೇಲೆತ್ತಿ, "ಅಜ್ಜೀ, ನೀರಡಿಕಿ" ಎಂದ. ಮಗನ ಕಾಲಿಗಿಂತ ಅತ್ತೆಯ ಸೊಂಟವೇ ದೊಡ್ಡ ರೋಗವೆಂದು ಕುಮುದಿನಿಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಅವಳಿಗೆ ಕನಸು ಬಿದ್ದಿತ್ತು. ಬಿದ್ದಿತ್ತೆಂದು ಅವಳು ಹೇಳಿದಳು, ಅಷ್ಟೇ.

"ಅತ್ತಿಯವರ, ತುಳಸಿಗೇರಿ ಹನುಮಪ್ಪ ಕನಸಿನಾಗ ಬಂದಿದ್ದರಿ. ಲಕ್ಷಬತ್ತಿ ಹೊಸೆದು ಹಚ್ಚಿದರ ಹುಡುಗನ ಕಾಲು ಬರ್ತಾವ ಅಂದ."

"ಯಾರು ಹೊಸೀಬೇಕಂತ?"

"ಮನಿಯಾಗಿನ ಹಿರ್ಯಾರಂತರಿ. ದಿನಾ ಒಪ್ಪತ್ತು ಊಟ, ಸಂಜಿ ದೀಪ ಹಚ್ಚೂ ತನಕ ಮಡಿ."

ವಯಸ್ಸಾದ ಜೀವವನ್ನು ದೇವರ ಹೆಸರಿನಲ್ಲಿ ಒಪ್ಪತ್ತಿಗೆ ಹಚ್ಚಿದೆನಲ್ಲ ಎಂದು ಕುಮುದಿನಿಗೆ ನಾಚಿಕೆಯಾಯಿತು. ಭಾಗೀರಥೀಬಾಯಿಯವರಿಗೋ ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದಂತಾಯಿತು. ಮೊಮ್ಮಗನಿಗಾಗಿ ಮಾಡುವುದು ಇನ್ನೂ ಏನಾದರೂ ಉಳಿದಿದೆ ಎಂದು ಗೊತ್ತಾದರೆ ಅವರಿಗೆ ಅದಕ್ಕಿಂತ ಸುಖವಿಲ್ಲ. ಅಂದೇ ಅರಳೆ ತರಿಸಿ, ದೇವರ ಕೋಣೆಯ ಹೊಸ್ತಿಲ ಒಳಗೆ ಕಾಲು ಚಾಚಿ ಕೂತು ಬತ್ತಿ ಹೊಸೆಯತೊಡಗಿದರು. ಕುಮುದಿನಿ ಕಾಗೆ ಓಡಿಸುವ ಕೋಲನ್ನು ಮಾಳಿಗೆಯಿಂದ ಕೆಳಗೆ ತಂದಳು.

ಆದರೆ ಸೊಸೆ ಚಾಪೆಯ ಕೆಳಗೆ ತೂರಿದರೆ ಅತ್ತೆ ರಂಗೋಲಿಯ ಕೆಳಗೆ ತೂರುವವರು. ಮೂರನೆಯ ದಿನಕ್ಕೇ ಮೊಮ್ಮಗನ ವಿರಹ ತಡೆಯದೆ ಶಾಸ್ತ್ರದಲ್ಲಿ ಸಂದು ಹುಡುಕಿದರು. ಬರಿಮೈ ಕೂಸಿಗೆ ಮೈಲಿಗೆ ಇಲ್ಲ. ಮೈಲಿಗೆ ಇರುವುದು ಅರಿವೆಗೆ.

"ಏ ಕೂಸ, ಅಂಗಿ ಬಿಚ್ಚು. ಚಡ್ಡೀನೂ ಬಿಚ್ಚು. ಎತ್ಕೋತೇನಿ ಬಾ."

ಅಷ್ಟರಲ್ಲಿ ಪಕ್ಕದ ಮನೆಯ ಮಥುರಾಬಾಯಿ ವಾಟಗ ಹಿಡಿದು ಒಂದು ಬಟ್ಟಲು ಹಿಟ್ಟು ಕೇಳಲು ಬಂದು ಪಡಸಾಲೆಯಲ್ಲಿ ನಿಂತಿದ್ದರು, ಜೊತೆಗೆ ಅವರ ಇಬ್ಬರು ಮೊಮ್ಮಕ್ಕಳು. ವಿಠ್ಠಲ ಅವರನ್ನು ನೋಡಿದ, ಅಜ್ಜಿಯನ್ನು ನೋಡಿದ, ಚಡ್ಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನಾ ಬಿಚ್ಚೂದಿಲ್ಲ."

"ಬಿಚ್ಚೋ ರಾಜಾ, ಯಾರ ನೋಡ್ತಾರ?"

"ಇವರೆಲ್ಲಾ ನೋಡ್ಲಿಕ್ಕತ್ತಾರ."

ಮಡಿಯಲ್ಲಿದ್ದ ಅಜ್ಜಿ ಹೊಸ್ತಿಲು ದಾಟಿ ಅವನತ್ತ ಬರತೊಡಗಿದರು. ಹುಡುಗ ಹಿಂದಕ್ಕೆ ತೆವಳಿದ. ಅಜ್ಜಿ ಮುಂದೆ ಬಂದರು, ಅವನು ಇನ್ನೂ ಹಿಂದೆ ಸರಿದ. ಬೆನ್ನಿಗೆ ಕಂಬ ತಾಗಿತು. ಇನ್ನು ಹಿಂದೆ ಹೋಗಲು ಜಾಗವಿಲ್ಲ, ಮೇಲೆ ಮಾತ್ರ ಇತ್ತು. ಒಂದು ಕೈ ಚಡ್ಡಿಯ ಮೇಲೆ, ಇನ್ನೊಂದು ಕೈ ಕಂಬದ ಮೇಲೆ. ಹಲ್ಲು ಕಚ್ಚಿ ಕಂಬ ತಬ್ಬಿ ಏರಿದ, ಎದ್ದು ನಿಂತ. ಮಥುರಾಬಾಯಿಯವರ ಕೈಯಲ್ಲಿದ್ದ ವಾಟಗ ಹಾಗೇ ನಿಂತಿತು. ಕುಮುದಿನಿ ಬಾಯಿಗೆ ಸೆರಗು ತುರುಕಿಕೊಂಡಳು, ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ಮೂವತ್ತಮೂರು ಕೋಟಿ ದೇವರು ಮಾಡದ ಕೆಲಸವನ್ನು ಒಂದು ಚಡ್ಡಿ ಮಾಡಿತ್ತು. ಭಾಗೀರಥೀಬಾಯಿ ಎರಡು ಕೈ ಚಾಚಿಕೊಂಡೇ ಬಹಳ ಹೊತ್ತು ನಿಂತರು. ಆಮೇಲೆ ಹೋಗಿ ಬತ್ತಿ ಹೊಸೆಯಲು ಕೂತರು. ಬಿಚ್ಚು ಎಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ.

ಅಲ್ಲಿಂದ ಮುಂದೆ ಕಂಬದಿಂದ ಕಂಬಕ್ಕೆ, ಕಂಬದಿಂದ ಕೋಲಿಗೆ. ಬಿದ್ದ, ಹಣೆ ಒಡೆದುಕೊಂಡ, ಖಾಸಿಂಸಾಬನ ಕೋಲನ್ನು ಓಣಿಯಾಚೆ ಎಸೆದು ಅತ್ತ. ಅಜ್ಜಿ ಒಳಗಿನಿಂದಲೇ ಕೂಗುತ್ತಿದ್ದರು, "ಕುಮುದಿನೀ, ಬಿದ್ದನಲ್ಲೇ, ಹಿಡಿಯೇ." ಕುಮುದಿನಿಗೆ ಆ ಹೊತ್ತಿಗೆ ಸರಿಯಾಗಿ ಹಿತ್ತಲಲ್ಲಿ ಕೆಲಸ ಇರುತ್ತಿತ್ತು. ಅಲ್ಲಿ ಬಾವಿಯ ಕಟ್ಟೆ ಹಿಡಿದು ಅವಳು ಎಷ್ಟು ಅತ್ತಿದ್ದಾಳೆಂದು ಬಾವಿಗೇ ಗೊತ್ತು. ಬತ್ತಿಯಂತೂ ಮುಗಿಯುವಂತೆ ಕಾಣಲಿಲ್ಲ. ಮಡಿಯ ಬತ್ತಿ, ಇನ್ನೊಬ್ಬರು ಮುಟ್ಟುವಂತಿಲ್ಲ. ಆದ್ದರಿಂದ ಲೆಕ್ಕ ಅಜ್ಜಿಯ ಬಾಯಲ್ಲಿ ಮಾತ್ರ ಇತ್ತು. ಯುಗಾದಿ ಹೋಯಿತು, ಬಿಸಿಲು ಸುಟ್ಟು ಹೋಯಿತು, ಅವರು ಹೊಸೆಯುತ್ತಲೇ ಇದ್ದರು.

ಮತ್ತೆ ಮೃಗಶಿರ ಬಂತು. ಸಾಲೆ ತೆರೆಯುವ ದಿನ ಭಾಗೀರಥೀಬಾಯಿ ಬೆಳಿಗ್ಗೆಯೇ ಎಲ್ಲರ ಜೊತೆ ಕೂತು ಅವಲಕ್ಕಿ ತಿಂದರು. "ಇವತ್ತ ಮಡಿ ಇಲ್ಲೇನ್ರಿ?" ಎಂದು ಕುಮುದಿನಿ ಕೇಳಿದರೆ, "ಇವತ್ತ ನಾನೂ ಬರ್ತೇನಿ" ಎಂದರು. ಮಡಿಯಿಲ್ಲದ ಅತ್ತೆ ಸಾಲೆಯ ಅಂಗಳದಲ್ಲಿ ಏನು ಮಾಡುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲವೆ? ಎಂಟು ತಿಂಗಳ ದುಡಿಮೆ ಒಂದು ಸೊಂಟದಲ್ಲಿ ಮುಗಿದು ಹೋಗುವುದಿತ್ತು.

ಹಿಂದಿನ ದಿನದ ಮಳೆಗೆ ಸಾಲೆಯ ಅಂಗಳ ರಾಡಿಯಾಗಿತ್ತು. ರಾಚಪ್ಪ ಮಾಸ್ತರರು ಬಾಗಿಲಲ್ಲಿ ಬಂದು ನಿಂತರು, ಅವರ ಹಿಂದೆ ಇಡೀ ಒಂದನೇ ಇಯತ್ತೆ ಇಣುಕುತ್ತಿತ್ತು. ಗೇಟಿನಲ್ಲಿ ಕುಮುದಿನಿ ಮಗನ ಕೈ ಬಿಟ್ಟಳು. ವಿಠ್ಠಲ ಕೋಲೂರಿ ಹೊರಟ. ಅರ್ಧ ದಾರಿಯವರೆಗೆ ಚೆನ್ನಾಗಿಯೇ ಹೋದ. ಅಲ್ಲಿ ಕೋಲು ಜಾರಿತು, ಹುಡುಗ ಮುಖ ಕೆಳಗಾಗಿ ರಾಡಿಯಲ್ಲಿ ಬಿದ್ದ. ಹುಡುಗರು ನಕ್ಕರು.

ಮೊದಲು ಓಡಿದವಳು ಕುಮುದಿನಿಯೇ. ಇಷ್ಟು ದಿನ ಹಿತ್ತಲಲ್ಲಿ ಅಡಗಿಸಿಟ್ಟ ತಾಯಿಕರುಳು ಕಾಲಿಗೆ ಬಂದುಬಿಟ್ಟಿತ್ತು. ಅವಳ ರಟ್ಟೆಯನ್ನು ಯಾರೋ ಗಟ್ಟಿಯಾಗಿ ಹಿಡಿದರು. ನೋಡಿದರೆ ಅತ್ತೆ.

ವಿಠ್ಠಲ ರಾಡಿಯ ಮುಖ ತಿರುಗಿಸಿ, ಎತ್ತಿ ರೂಢಿಯಿದ್ದವರ ಕಡೆಗೇ ಎರಡು ಕೈ ಎತ್ತಿದ. "ಅಜ್ಜೀ, ಎತ್ಕೊ."

"ನನ್ನ ಮುಟ್ಟಬ್ಯಾಡ" ಎಂದರು ಭಾಗೀರಥೀಬಾಯಿ. "ನಾ ಮಡಿಯಾಗ ಇದ್ದೇನಿ."

"ಅವಲಕ್ಕಿ ತಿಂದೀಯಲ್ಲ?"

"ತಿಂದರೂ ಮಡೀನ. ಏಳು."

ಹುಡುಗ ಅಜ್ಜಿಯನ್ನು ದಿಟ್ಟಿಸಿದ. ಆಮೇಲೆ ಕೋಲನ್ನು ಎಳೆದುಕೊಂಡು, ಮೊಣಕಾಲೂರಿ, ರಾಡಿಯ ಚಡ್ಡಿ ಸರಿಮಾಡಿಕೊಂಡು ಎದ್ದ. ಮಾಸ್ತರರು ಬಾಗಿಲಿನಿಂದ ಸರಿದು ದಾರಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮಾಸ್ತರರು ಹೆಸರು ಕೇಳಿದ್ದೂ, ಹುಡುಗ ತಾನೇ ಹೇಳಿದ್ದೂ ಕೇಳಿಸಿತು.

ಅತ್ತೆಯ ಬೆರಳು ಇನ್ನೂ ಕುಮುದಿನಿಯ ರಟ್ಟೆಯ ಮೇಲಿದ್ದವು.

"ಅತ್ತಿಯವರ, ಲಕ್ಷ ಇನ್ನೂ ಮುಗಿದಿಲ್ಲೇನ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಯುಗಾದಿಗೇ ಮುಗದದ" ಎಂದರು ಭಾಗೀರಥೀಬಾಯಿ, ಸಾಲೆಯ ಬಾಗಿಲನ್ನೇ ನೋಡುತ್ತ. "ಆಮ್ಯಾಲಿನವು ನನ್ನ ಕೈ ಕಟ್ಟಿಹಾಕಲಿಕ್ಕೆ ಹೊಸೆದದ್ದು."