ಇಸ್ತ್ರಿಯಕ್ಕನ ಹೋಗದ ಕಲೆಗಳು

ಸುಂಟರಗಾಳಿ ಬೀದಿಗೆ ಬಂದು ಹೋಗಲು ಎರಡು ನಿಮಿಷ ಹಿಡಿಯಿತು. ವಿಮಾ ಕಂಪನಿಯ ಸರ್ವೇಯರ್ ಬಂದು ಹೋಗಲು ಹತ್ತು ನಿಮಿಷ. ಎರಡರಲ್ಲಿ ಹೆಚ್ಚು ಹಾಳು ಮಾಡಿದ್ದು ಯಾವುದು ಎಂದು ಯಾರಾದರೂ ಕೇಳಿದರೆ ಇಸ್ತ್ರಿಯಕ್ಕ ಕಣ್ಣು ಮಿಟುಕಿಸದೆ ಸರ್ವೇಯರನ ಹೆಸರು ಹೇಳುತ್ತಿದ್ದಳು.

ಅವಳ ಲಾಂಡ್ರಿ ಬೀದಿಯ ನಡುಮಧ್ಯದಲ್ಲಿತ್ತು. ಮುಂದೆ ದೊಡ್ಡ ಗಾಜು, ಒಳಗೆ ತೂಗುಹಾಕಿದ ಬಟ್ಟೆಗಳ ನಾಲ್ಕು ಸಾಲು, ಹಿಂದೆ ತೊಳೆಯುವ ತೊಟ್ಟಿ ಮತ್ತು ಇಸ್ತ್ರಿ ಮೇಜು, ಮೇಲೆ ತಗಡಿನ ಛಾವಣಿ. ಗಂಡ ತೀರಿಕೊಂಡ ಮೇಲೆ ಅವಳೂ ನಾದಿನಿಯೂ ಸೇರಿ ಅಂಗಡಿ ನಡೆಸುತ್ತಿದ್ದರು. ಅವತ್ತು ಮಧ್ಯಾಹ್ನ ಗಾಳಿ ಎದುರು ಸಾಲಿನ ಬೀಗದಂಗಡಿಯ ಬೋರ್ಡನ್ನು ಕಿತ್ತು ಇವರ ಗಾಜಿಗೆ ಎಸೆಯಿತು. ಒಡೆದ ದಾರಿಯಲ್ಲೇ ತಾನೂ ಒಳಗೆ ನುಗ್ಗಿ, ಛಾವಣಿಯನ್ನು ಕೆಳಗಿನಿಂದ ಎತ್ತಿ, ಹನ್ನೆರಡು ತಗಡುಗಳನ್ನು ಹಿಂದಿನ ಬಯಲಿಗೆ ಬಿಸಾಡಿ ಹೋಯಿತು. ಅತ್ತಿಗೆ ನಾದಿನಿಯರಿಬ್ಬರೂ ಇಸ್ತ್ರಿ ಮೇಜಿನ ಕೆಳಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕೂತು ಜೀವ ಉಳಿಸಿಕೊಂಡರು.

ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರೂ ಹಾಗೇ ಕೂತಿದ್ದರೆ ಎಷ್ಟೋ ಚೆನ್ನಾಗಿತ್ತು! ಆದರೆ ಬಟ್ಟೆ ತೊಳೆದು ಬದುಕುವವರಿಗೆ ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ತೀರಿಹೋದ ಅತ್ತೆ ಸೊಸೆಯ ತಲೆಗೆ ತುಂಬಿದ್ದ ಪಾಠ ಎರಡೇ: ಬಾಗಿಲಿಗೆ ಬಂದವರ ಕಣ್ಣಿಗೆ ಕೊಳೆ ಬೀಳಬಾರದು, ಹೋಗದ ಕಲೆ ಊರಿಗೆ ಗೊತ್ತಾಗಬಾರದು. ಮೂರು ದಿನ ಸೊಂಟ ಮುರಿಯುವ ಹಾಗೆ ದುಡಿದು ಇಬ್ಬರೂ ಗಾಜು ಗುಡಿಸಿದರು, ಕೆಸರು ಬಳಿದು ಹೊರಹಾಕಿದರು, ಗೋಡೆ ತೊಳೆದರು, ಗಿರಾಕಿಗಳ ಬಟ್ಟೆಯನ್ನೆಲ್ಲ ಮತ್ತೆ ಒಗೆದು ಇಸ್ತ್ರಿ ಹಾಕಿ ಮನೆಮನೆಗೆ ಮುಟ್ಟಿಸಿದರು. ಬಯಲಲ್ಲಿ ಬಿದ್ದಿದ್ದ ತಗಡುಗಳನ್ನು ಹೊತ್ತು ತಂದು, ಅವಕ್ಕೂ ಸೋಪು ಹಾಕಿ ಉಜ್ಜಿ, ಅಳತೆ ನೋಡಿ ಗೋಡೆಗೆ ಒರಗಿಸಿದರು. ಬೀಗದಣ್ಣನ ಬೋರ್ಡನ್ನೂ ಒರೆಸಿ ಅವನಿಗೇ ವಾಪಸು ಕೊಟ್ಟು ಬಂದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಳ್ಳುವುದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಆ ಬೀದಿಯಲ್ಲಿ ಬೇರೆ ಇರಲಿಲ್ಲ.

ನಾಲ್ಕನೆಯ ದಿನ ಬಂದ ಸರ್ವೇಯರ್, ಬೂಟು ಬಿಚ್ಚಬೇಕೋ ಬೇಡವೋ ಎಂದು ಬಾಗಿಲಲ್ಲೇ ಅನುಮಾನಿಸಿದ. ಒಳಗೆ ಕಣ್ಣಾಡಿಸಿದ, ಏನೋ ಗೀಚಿಕೊಂಡ, ನೀರು ಕುಡಿದು ಹೋದ. ತಿಂಗಳ ನಂತರ ಕಂಪನಿಯ ಕಾಗದ ಬಂತು. "ಸುಂಟರಗಾಳಿ ಎದುರು ಸಾಲಿಗೆ ಮಾತ್ರ ತಗುಲಿದೆ. ಈ ಅಂಗಡಿಯೊಳಗೆ ಗಾಳಿ ನುಗ್ಗಿದ ಗುರುತಿಲ್ಲ. ಹಳೆಯ ಛಾವಣಿ ಸೋರುತ್ತಿದ್ದುದರಿಂದ ತಗಡುಗಳನ್ನು ಮಾಲೀಕರೇ ಬಿಚ್ಚಿ ಜೋಡಿಸಿಟ್ಟಿದ್ದಾರೆ. ನಷ್ಟಕ್ಕೆ ಮಾಲೀಕರ ಅಲಕ್ಷ್ಯವೇ ಕಾರಣ. ಪರಿಹಾರವಿಲ್ಲ."

ಅಲಕ್ಷ್ಯ! ಒಂದು ಗುಂಡಿ ಸಡಿಲವಿದ್ದರೂ ಹೊಲಿಯದೆ ಬಟ್ಟೆ ವಾಪಸು ಕೊಡದ ಹೆಂಗಸಿಗೆ ಆ ಮಾತು! ಇಸ್ತ್ರಿಯಕ್ಕ ಕಾಗದವನ್ನು ಮೂರು ಸಲ ಓದಿದಳು. ಮೂರನೆಯ ಸಲ ಕಣ್ಣೀರು ಬರುವ ಬದಲು ಮೈಯೆಲ್ಲ ಉರಿಯಿತು.

ಉರಿದರೆ ಛಾವಣಿ ಬರುತ್ತದೆಯೇ? ಮೊಳೆ ಕಿತ್ತ ಕಡೆ ಹರಿದುಹೋಗಿದ್ದ ತಗಡುಗಳು ಮತ್ತೆ ಕೂರುವಂತಿರಲಿಲ್ಲ, ಮೇಲೆ ಟಾರ್ಪಾಲು ಕಟ್ಟಿದ್ದರು. ಮಳೆ ಬಂದ ದಿನ ಇಸ್ತ್ರಿ ಬಂದ್, ಗಾಳಿ ಬಂದ ದಿನ ಒಣಗಿದ ಬಟ್ಟೆಗೆ ಮತ್ತೆ ಧೂಳು. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಬೀದಿಯ ಲಾಂಡ್ರಿಗೆ ಹೊರಳುತ್ತಿದ್ದರು. ವಿಮೆಯ ದುಡ್ಡು ಬಂದರೆ ಛಾವಣಿ, ಬರದಿದ್ದರೆ ಅಂಗಡಿಗೆ ಬೀಗ, ಬೇರೆ ದಾರಿಯಿರಲಿಲ್ಲ.

"ದೊಡ್ಡವರ ಜೊತೆ ಗುದ್ದಾಡೋಕೆ ನಮಗೆ ಆಗುತ್ತಾ ಅತ್ತಿಗೆ?" ಎಂದಳು ನಾದಿನಿ.

"ಗುದ್ದೋದು ಬೇಡ. ಹಿಂಡೋಣ," ಎಂದು ಇಸ್ತ್ರಿಯಕ್ಕ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಉಚಿತ ಕಾನೂನು ನೆರವಿನ ಕೊಠಡಿ ಗ್ರಂಥಾಲಯದ ಮಹಡಿಯ ಮೇಲಿತ್ತು. ಅಲ್ಲಿ ಕೂರುತ್ತಿದ್ದ ವಕೀಲಮ್ಮನಿಗೆ ವಯಸ್ಸು ಎಪ್ಪತ್ತು, ಮಂಡಿ ನೋವು, ಬಾಯಲ್ಲಿ ಸದಾ ಪೆಪ್ಪರ್‌ಮೆಂಟು. ವಿಮಾ ಕಂಪನಿಗಳವರು ಅವಳಿಗೆ ಚಳಿಜ್ವರ ಎಂದು ಹೆಸರಿಟ್ಟಿದ್ದರು. ಅದನ್ನು ಅವಳೇ ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದಳು.

ಕಾಗದ ಓದಿ ಮುಗಿಸಿ ವಕೀಲಮ್ಮ ಕನ್ನಡಕ ತೆಗೆದಳು. "ಫೋಟೋ?"

"ತೆಗೀಲಿಲ್ಲ ಮೇಡಂ."

"ಒಡೆದ ಗಾಜು?"

"ಗುಡಿಸಿ ಎಸೆದ್ವಿ."

"ಕೆಸರಾದ ಬಟ್ಟೆ?"

"ತೊಳೆದು ಕೊಟ್ಟುಬಿಟ್ವಿ."

"ಅಯ್ಯೋ ಪುಣ್ಯಾತ್ಗಿತ್ತಿ! ಸಾಕ್ಷಿಯನ್ನೆಲ್ಲ ಸೋಪು ಹಾಕಿ ತೊಳೆದು ಬಂದಿದ್ದೀರಲ್ಲ! ಕಳ್ಳರೂ ಇಷ್ಟು ಚೊಕ್ಕಟ ಮಾಡಲ್ಲ." ವಕೀಲಮ್ಮ ಪೆಪ್ಪರ್‌ಮೆಂಟನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದಳು. "ಸರಿ. ತೊಳೆದದ್ದು ಬಿಡಿ. ತೊಳೆದರೂ ಹೋಗದೇ ಇದ್ದದ್ದು ಏನೂ ಇಲ್ವಾ?"

ಇಸ್ತ್ರಿಯಕ್ಕನ ಕೈ ಕತ್ತಿನ ಕಡೆ ಹೋಯಿತು. ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ನಾದಿನಿ ಅವಳನ್ನೇ ನೋಡಿದಳು.

ಇತ್ತು. ತೊಟ್ಟಿಯ ಹಿಂದೆ ಒಂದು ಟ್ರಂಕು ಇತ್ತು, ಅದರ ಬೀಗದ ಕೈ ಇಸ್ತ್ರಿಯಕ್ಕನ ಕತ್ತಿನಲ್ಲಿತ್ತು. ತನ್ನಿಂದ ಕಲೆ ತೆಗೆಯಲಾಗದ ಬಟ್ಟೆಗಳನ್ನು ಅವಳು ಅದರಲ್ಲಿ ಬಚ್ಚಿಡುತ್ತಿದ್ದಳು. ಗಿರಾಕಿಗೆ ಕೈಯಿಂದ ದುಡ್ಡು ಹಾಕಿ ಹೊಸದು ಕೊಡಿಸಿ ಬಾಯಿ ಮುಚ್ಚಿಸುತ್ತಿದ್ದಳೇ ಹೊರತು, ಸೋತ ಬಟ್ಟೆಯನ್ನು ಯಾರಿಗೂ ತೋರಿಸಿರಲಿಲ್ಲ. ಅದರಲ್ಲಿ ಏನಿದೆ ಎಂದು ಗಂಡನಿಗೂ ಗೊತ್ತಿರಲಿಲ್ಲ. ಸುಂಟರಗಾಳಿಯ ದಿನದವು ಏಳು ಬಟ್ಟೆ ಅದರಲ್ಲಿದ್ದವು: ಹಲ್ಲಿನ ಡಾಕ್ಟರ ಬಿಳಿ ಕೋಟು ಮೂರು, ಲಾಡ್ಜಿನ ಹಾಸಿಗೆ ಬಟ್ಟೆ ನಾಲ್ಕು. ಏಳರ ಮೇಲೂ ಗಾಢ ನೀಲಿ ಬಳಿದುಕೊಂಡಿತ್ತು. ಇದನ್ನೆಲ್ಲ ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ನೀಲಿ ಎಲ್ಲಿಂದ ಬಂತು?" ಎಂದಳು ವಕೀಲಮ್ಮ.

"ಬೀಗದಣ್ಣನ ಬೋರ್ಡಿಂದ. ಅವತ್ತು ಬೆಳಿಗ್ಗೆನೇ ಬಣ್ಣ ಹೊಡೆದಿದ್ದ, ಇನ್ನೂ ಹಸಿ ಇತ್ತು. ಗಾಜು ಒಡೆದು ಬಟ್ಟೆ ಸಾಲಿನ ಮೇಲೇ ಬಿತ್ತು. ಸೀಮೆಣ್ಣೆ ಹಾಕಿದೆ, ಸ್ಪಿರಿಟ್ ಹಾಕಿದೆ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗಲಿಲ್ಲ ಮೇಡಂ."

ವಕೀಲಮ್ಮ ಮಂಡಿ ನೋವು ಮರೆತು ಎದ್ದು ನಿಂತಳು. "ಹೋಗದೇ ಇದ್ದದ್ದಕ್ಕೆ ಅಳ್ತೀರಾ? ಅದೊಂದೇ ಅಮ್ಮ ನಿಮ್ಮನ್ನ ಉಳಿಸೋದು! ಟ್ರಂಕು ಪೂರ್ತಿ ತನ್ನಿ. ಹಳೆಯದೂ ಸೇರಿಸಿ. ಇವತ್ತು ಹುಟ್ಟಿದ ಟ್ರಂಕು ಅಂತ ಅವರು ಹೇಳಬಾರದು."

"ಅದನ್ನ ನಾಲ್ಕು ಜನರ ಮುಂದೆ ತೆಗೀಬೇಕಾ?"

"ತೆಗೀಬೇಕು. ಮಾನ ಮುಚ್ಚಿಟ್ಟುಕೊಂಡರೆ ಛಾವಣಿ ಬರಲ್ಲ."

ವಕೀಲಮ್ಮ ವಿಮಾ ದೂರುಗಳ ಕಚೇರಿಗೆ ಅರ್ಜಿ ಹಾಕಿದಳು, ವಿಚಾರಣೆಗೆ ಎರಡು ತಿಂಗಳಾಚೆಯ ತಾರೀಖು ಸಿಕ್ಕಿತು. ಅದರ ಹಿಂದಿನ ವಾರವಿಡೀ ಇಸ್ತ್ರಿಯಕ್ಕನಿಗೆ ಅನ್ನ ರುಚಿಸಲಿಲ್ಲ. ಕೊನೆಗೆ ವಿಚಾರಣೆಯ ದಿನ ಬೆಳಿಗ್ಗೆ ಟ್ರಂಕನ್ನು ತಾನೇ ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದಳು.

ವಿಚಾರಣೆಯ ಕೋಣೆ ಚಿಕ್ಕದು: ಒಂದು ಉದ್ದ ಮೇಜು, ಕಿಟಕಿ, ಕರಕರ ಎನ್ನುವ ಫ್ಯಾನು. ಮೇಜಿನ ಆ ತುದಿಯಲ್ಲಿ ವಿಚಾರಣಾಧಿಕಾರಿ, ಬಲಕ್ಕೆ ಕಂಪನಿಯ ಪರವಾಗಿ ಬಂದ ಮ್ಯಾನೇಜರ್. ಅವನ ಅಂಗಿಯ ಕಾಲರ್ ಸರಿಯಾಗಿ ಒಗೆದಿರಲಿಲ್ಲ. ಅದನ್ನು ಇಸ್ತ್ರಿಯಕ್ಕ ಮೊದಲ ನೋಟಕ್ಕೇ ಕಂಡಳು, ಸ್ವಲ್ಪ ಧೈರ್ಯವೂ ಬಂತು.

"ಅಂಗಡಿ ಹೂವಿನ ಹಾಗಿತ್ತು ಸಾರ್," ಎಂದ ಮ್ಯಾನೇಜರ್. "ಸುಂಟರಗಾಳಿ ನುಗ್ಗಿದ ಜಾಗ ಹಾಗಿರುತ್ತಾ?"

ವಕೀಲಮ್ಮ ಇಸ್ತ್ರಿಯಕ್ಕನಿಗೆ ಸನ್ನೆ ಮಾಡಿದಳು. ಅವಳು ಎದ್ದಳು. "ತಪ್ಪು ನನ್ನದು ಸಾರ್. ಕೊಳೆ ನೋಡಿ ಸುಮ್ಮನಿರೋಕೆ ನನಗೆ ಬರಲ್ಲ. ಗಾಳಿ ಮಾಡಿದ್ದನ್ನ ನಾನು ತೊಳೆದುಬಿಟ್ಟೆ. ಇವು ಮಾತ್ರ ನನ್ನ ಕೈಲಿ ಆಗಲಿಲ್ಲ."

ಟ್ರಂಕು ತೆರೆದಳು. ಹದಿನೆಂಟು ವರ್ಷದ ಸೋಲುಗಳು ಒಂದೊಂದಾಗಿ ಮೇಜಿನ ಮೇಲೆ ಬಂದವು: ಶಾಯಿ ಕುಡಿದ ಅಂಗಿ, ತುಕ್ಕು ಹಿಡಿದ ಲಂಗ, ಅರಿಶಿನ ಕೂತ ರೇಷ್ಮೆ. ಕಿವಿ ಬಿಸಿಯಾದರೂ ನಿಲ್ಲಿಸಲಿಲ್ಲ. ಎಲ್ಲಕ್ಕಿಂತ ಕೊನೆಗೆ ಏಳು ನೀಲಿ ಬಟ್ಟೆ ಹಾಸಿದಳು. ಸಾಕ್ಷಿಗೆ ಬಂದಿದ್ದ ಬೀಗದಣ್ಣ ತನ್ನ ಬೋರ್ಡನ್ನು ಪಕ್ಕದಲ್ಲಿಟ್ಟ. ಅದೇ ನೀಲಿ. ಬಣ್ಣ ಕೊಂಡ ರಸೀದಿಯ ಮೇಲೆ ಗಾಳಿ ಬೀಸಿದ ದಿನದ ತಾರೀಖೇ ಇತ್ತು.

"ಸೋರುವ ಛಾವಣಿಯಿಂದ ನೀರು ಬರುತ್ತೆ ಸಾರ್," ಎಂದಳು ವಕೀಲಮ್ಮ. "ಎದುರಂಗಡಿ ಬೋರ್ಡು ಬರುತ್ತಾ?"

ಅಧಿಕಾರಿ ಹುಬ್ಬೇರಿಸಿ ಮ್ಯಾನೇಜರನ ಕಡೆ ನೋಡಿದರು.

"ಬಣ್ಣ ಇವರೇ ಬಳಿದಿರಬಹುದಲ್ಲ?" ಎಂದ ಅವನು.

ಇಸ್ತ್ರಿಯಕ್ಕನ ನಾಚಿಕೆ ಅಲ್ಲಿಗೆ ಮುಗಿಯಿತು. ಕೋಟನ್ನು ಎತ್ತಿ ಅವನ ಮುಂದೆ ಹಿಡಿದಳು. "ಬಳಿದ ಬಣ್ಣ ನೂಲಿನ ಮೇಲೆ ಕೂರುತ್ತೆ. ಇಲ್ಲಿ ಮುಟ್ಟಿ ನೋಡಿ. ಬಣ್ಣದ ಜೊತೆ ಗಾಜಿನ ಪುಡಿ ನೇಯ್ಗೆ ಒಳಗೆ ಹೊಕ್ಕಿದೆ. ಹುಷಾರು, ಚುಚ್ಚುತ್ತೆ." ಮುಟ್ಟಿದ ಮ್ಯಾನೇಜರ್ ಬೆರಳು ಹಿಂದಕ್ಕೆಳೆದುಕೊಂಡ. ಅಧಿಕಾರಿಯೂ ಎದ್ದು ಬಂದು ಮುಟ್ಟಿದರು, ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ನೋಡಿದರು, ಹತ್ತು ನಿಮಿಷ ವಿರಾಮ ಎಂದರು.

ಮ್ಯಾನೇಜರ್ ಅವಳನ್ನು ಹೊರಗಿನ ವರಾಂಡದಲ್ಲಿ ಹಿಡಿದ. ಈಗ ಅವನ ದನಿಯಲ್ಲಿ ಜೇನು ಸುರಿಯುತ್ತಿತ್ತು. "ಯಾಕಮ್ಮ ಎಳೆದಾಟ? ಮುಕ್ಕಾಲು ಭಾಗ ಕೊಡ್ತೀವಿ, ಈ ವಾರದಲ್ಲೇ. 'ಅಲಕ್ಷ್ಯ ಸ್ವಲ್ಪ ಮಟ್ಟಿಗೆ ಕಾರಣ' ಅನ್ನೋ ಒಂದು ಸಾಲಿಗೆ ಸಹಿ ಹಾಕಿ, ಸಾಕು."

ನಾದಿನಿ ತೋಳು ಹಿಡಿದಳು. "ಒಪ್ಪಿಕೊಳ್ಳಿ ಅತ್ತಿಗೆ. ಛಾವಣಿಗೆ ಸಾಕಾಗುತ್ತೆ. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡ್ಕೋಬೇಡಿ."

ಇಸ್ತ್ರಿಯಕ್ಕ ವಕೀಲಮ್ಮನ ಮುಖ ನೋಡಿದಳು. "ನಾನು ಹೇಳಲ್ಲ," ಎಂದಳು ವಕೀಲಮ್ಮ. "ಒಳಗೆ ಗೆಲ್ಲಬಹುದು, ಸೋಲಲೂಬಹುದು. ಟಾರ್ಪಾಲಿನ ಕೆಳಗೆ ಇರೋರು ನೀವು."

ಮೂರು ತಿಂಗಳು ಆ ಟಾರ್ಪಾಲಿನ ಪಟಪಟ ಸದ್ದು ಕೇಳಿ ಸಾಕಾಗಿತ್ತು. ಹೂಂ ಎಂದರೆ ಮುಂದಿನ ವಾರ ತಗಡು ಬರುತ್ತದೆ. ಅವಳಿಗೂ ಆಸೆಯಾಯಿತು, ಇಲ್ಲ ಎನ್ನಲಾಗದು. ಆದರೆ ಸಹಿ ಮಾಡಿದರೆ ಆ ಛಾವಣಿಯ ಕೆಳಗೆ ದಿನಾ ನಿಂತು, ನನ್ನ ಕೈಯೇ ಕೊಳಕು ಎಂದು ಬರೆದುಕೊಟ್ಟವಳ ಹಾಗೆ ಇಸ್ತ್ರಿ ಎಳೆಯಬೇಕಲ್ಲ!

"ನನ್ನ ಸೋಲನ್ನೆಲ್ಲ ಈಗಷ್ಟೇ ಮೇಜಿನ ಮೇಲೆ ಹಾಸಿ ಬಂದಿದ್ದೀನಿ," ಎಂದಳು ಮ್ಯಾನೇಜರಿಗೆ. "ಅದರಲ್ಲಿ ಅಲಕ್ಷ್ಯದಿಂದ ಆದದ್ದು ಒಂದು ತೋರಿಸಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ಇನ್ನೂ ಒಂದು ವರ್ಷ ಟಾರ್ಪಾಲಿನ ಕೆಳಗೇ ಇರ್ತೀನಿ. ನಡೀರಿ ಒಳಗೆ."

ನಾದಿನಿ ಹಣೆ ಚಚ್ಚಿಕೊಂಡಳು. ಆದರೂ ಅತ್ತಿಗೆಯ ಹಿಂದೆಯೇ ಒಳಗೆ ಬಂದು ಪಕ್ಕದಲ್ಲೇ ಕೂತಳು.

ಅಧಿಕಾರಿ ಬಹಳ ಹೊತ್ತು ಬರೆದರು. ಆಮೇಲೆ ತಲೆಯೆತ್ತದೆ ಓದಿದರು. ಗಾಳಿ ಅಂಗಡಿಯೊಳಗೆ ನುಗ್ಗಿದ್ದು ಸಾಬೀತಾಗಿದೆ. ಸರ್ವೇಯರ್ ಛಾವಣಿಯ ಮೊಳೆ ಕಿತ್ತ ಜಾಗಗಳನ್ನು ನೋಡಿಯೇ ಇಲ್ಲ. ಕಂಪನಿ ಪೂರ್ತಿ ಪರಿಹಾರ ಕೊಡಬೇಕು. ಕಾಗದದಲ್ಲಿರುವ ಅಲಕ್ಷ್ಯ ಎಂಬ ಪದವನ್ನು ತೆಗೆದುಹಾಕಬೇಕು.

ನಾದಿನಿ ಜೋರಾಗಿ ಅತ್ತುಬಿಟ್ಟಳು. ವಕೀಲಮ್ಮ ಹೊಸ ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡಳು. ಇಸ್ತ್ರಿಯಕ್ಕ ಮಾತ್ರ ಅಳಲೂ ಇಲ್ಲ, ಕೈ ಮುಗಿಯಲೂ ಇಲ್ಲ.

"ಸಾರ್, ಆ ಪದ ಇವರೇ ಹೊಡೆದುಹಾಕಲಿ. ಇಲ್ಲೇ, ನನ್ನ ಕಣ್ಣ ಮುಂದೆ."

"ಅದನ್ನ ಆಫೀಸಿನವರು ಮಾಡ್ತಾರಮ್ಮ," ಎಂದರು ಅಧಿಕಾರಿ. ಅವಳು ಕದಲಲಿಲ್ಲ. ಅಧಿಕಾರಿ ಅವಳನ್ನೂ ಮೇಜಿನ ತುಂಬ ಹರಡಿದ್ದ ಬಟ್ಟೆಗಳನ್ನೂ ನೋಡಿ, ಕಂಪನಿಯ ಆ ಕಾಗದವನ್ನೂ ತಮ್ಮ ಪೆನ್ನನ್ನೂ ಮ್ಯಾನೇಜರನ ಕಡೆ ತಳ್ಳಿದರು.

ಅವನು ಹಲ್ಲು ಕಚ್ಚಿ, ಪದದ ಮೇಲೆ ತೆಳ್ಳಗೆ ಒಂದು ಗೀಟು ಎಳೆದ. ಇಸ್ತ್ರಿಯಕ್ಕ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿ ನೋಡಿ, ಮತ್ತೆ ಅವನ ಮುಂದೆ ಇಟ್ಟಳು.

"ಇನ್ನೂ ಕಾಣ್ತಿದೆ," ಎಂದಳು. "ಇನ್ನೊಂದು ಸಲ."